ಇಸಿಯು ಕನೆಕ್ಟರ್ ತೊಳೆಯಲು ಯಾವುದು, ಕಾಪಾಡಲು ಯಾವುದು?

ಇಸಿಯು ಅಂದರೆ ಎಂಜಿನ್ನನ್ನು ನಡೆಸುವ ಕಂಪ್ಯೂಟರ್, ಅದಕ್ಕೆ ವೈರುಗಳನ್ನು ಜೋಡಿಸುವ ಪ್ಲಗ್ಗೇ ಕನೆಕ್ಟರ್. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಕಾಂಟ್ಯಾಕ್ಟ್ ಕ್ಲೀನರಿಗೆ, ಅಂದರೆ ಕರೆಂಟಿನ ಪಿನ್ನುಗಳನ್ನು ತೊಳೆಯುವ ಸ್ಪ್ರೇಗೆ. ಎಣ್ಣೆ ಸ್ಪ್ರೇ, ಐಸೊಪ್ರೊಪೈಲ್ ಆಲ್ಕೋಹಾಲ್, ಆಕ್ಸೈಡ್ ಕರಗಿಸುವ ಡಿಆಕ್ಸಿಡೈಸರ್ ಎಲ್ಲವನ್ನೂ ನನ್ನ ಹಳೇ ಕಾರಿನ ಮೇಲೆ ಹಾಕಿ ನೋಡಿ ಆಗಿದೆ. ಹಂಪ್ ಹತ್ತಿಳಿದಾಗ ಚೆಕ್ ಎಂಜಿನ್ ದೀಪ ಹತ್ತುತ್ತದೆ, ವೈರಿಂಗ್ ಕಟ್ಟನ್ನು ಅಲ್ಲಾಡಿಸಿದರೆ ಐಡ್ಲಿಂಗ್ ಸರಿಹೋಗುತ್ತದೆ ಅಂದರೆ, ಇಸಿಯು ಬದಲಿಸುವ ಮಾತು ಆಮೇಲೆ. ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಕನೆಕ್ಟರ್ ಕಳಚಿ ನೋಡಬೇಕು.

ಹೆಚ್ಚಿನ ಗಾಡಿಗಳಲ್ಲಿ ಸೆನ್ಸರ್‌ಗಳಿಗೆ ಹೋಗುವುದು 5 ವೋಲ್ಟ್, ಹರಿಯುವ ಕರೆಂಟು ತೀರಾ ಕಡಿಮೆ. ಹೆಡ್‌ಲೈಟಿನಲ್ಲಾದರೆ ಗಮನಕ್ಕೇ ಬಾರದಷ್ಟು ತೆಳು ಪೊರೆ ಇಲ್ಲಿ ರೀಡಿಂಗನ್ನೇ ಕೆಡಿಸುತ್ತದೆ. ತವರದ ಲೇಪವಿರುವ ಪಿನ್ನುಗಳು ಎಂಜಿನ್ನಿನ ನಡುಕಕ್ಕೆ ಒಂದೇ ಜಾಗದಲ್ಲಿ ಕೂದಲೆಳೆಯಷ್ಟು ಹಿಂದೆ ಮುಂದೆ ತಿಕ್ಕುತ್ತಿರುತ್ತವೆ. ತಿಕ್ಕಿದ ಕಡೆ ಆಕ್ಸೈಡ್ ಕಟ್ಟುತ್ತದೆ. ಮೇಲಿಂದ ನೋಡಿದರೆ ಪಿನ್ನು ಹೊಳೆಯುತ್ತಲೇ ಇರುತ್ತದೆ. ಟಾರ್ಚನ್ನು ಓರೆಯಾಗಿ ಹಿಡಿದರೆ ಮಾತ್ರ ತುದಿಯಿಂದ ಸ್ವಲ್ಪ ಕೆಳಗೆ ಸೂಜಿಮೊನೆಯಷ್ಟು ಕಪ್ಪು ಚುಕ್ಕೆ ಕಾಣುತ್ತದೆ. ಚಿನ್ನದ ಲೇಪದ ಪಿನ್ನುಗಳಿಗೆ ಈ ಕಾಟ ಕಡಿಮೆ. ನೀರು ಹೊಕ್ಕಿದ್ದರೆ ಹುಡುಕಾಟವೇ ಬೇಡ, ಹಸಿರು ಕಿಲುಬು ತಾನೇ ಎದ್ದು ಕಾಣುತ್ತದೆ.

ಎಲ್ಲರ ಮನೆಯಲ್ಲೂ ಇರುವುದು ಡಬ್ಲ್ಯೂಡಿ-40 ಥರದ ಎಣ್ಣೆ ಸ್ಪ್ರೇ. 1953ರಲ್ಲಿ ಅದನ್ನು ಮಾಡಿದ್ದೇ ಲೋಹದ ಮೇಲಿನ ನೀರನ್ನು ಹೊರದೂಡುವುದಕ್ಕೆ. ಆ ಕೆಲಸಕ್ಕೆ ಈಗಲೂ ಸೈ. ಆದರೆ ಕೊನೆಗೆ ಎಣ್ಣೆಯ ಪದರ ಉಳಿಯುತ್ತದೆ, ಅದಕ್ಕೆ ಧೂಳು ಅಂಟುತ್ತದೆ. ಮಳೆನೀರು ಹೊಕ್ಕಾಗ ತುರ್ತಿಗೆ ಹೊಡೆಯಬಹುದು, ಆಮೇಲೆ ಕ್ಲೀನರ್‌ನಿಂದ ತೊಳೆಯಲೇಬೇಕು. ಹಾಗಿದ್ದ ಮೇಲೆ ನೇರ ಕ್ಲೀನರನ್ನೇ ಹೊಡೆಯಬಾರದೇಕೆ?

ಆಲ್ಕೋಹಾಲ್ ಬಡವರ ಬಂಧು. 99% ಇರುವುದನ್ನೇ ತರಬೇಕು. 70% ಬಾಟಲಿಯಲ್ಲಿ ಉಳಿದದ್ದು ಬಹುಪಾಲು ನೀರು. ಮೆತ್ತನೆ ಬ್ರಷ್‌ನಲ್ಲಿ ಅದ್ದಿ ಗಂಡು ಪಿನ್ನುಗಳನ್ನು ತಿಕ್ಕಿದರೆ ಕೊಳೆ, ಎಣ್ಣೆ ಚೆನ್ನಾಗಿ ಬಿಡುತ್ತದೆ. ಹೆಣ್ಣು ಸಾಕೆಟ್ಟಿನೊಳಗೆ ಬ್ರಷ್ ಹೋಗುವುದಿಲ್ಲ, ಅಲ್ಲೇ ಅದರ ಸೋಲು. ಕಾಂಟ್ಯಾಕ್ಟ್ ಕ್ಲೀನರಿನ ಸಣ್ಣ ಕೊಳವೆ ಅಲ್ಲಿಗೂ ತಲುಪುತ್ತದೆ, ಒತ್ತಡಕ್ಕೆ ಒಳಗಿನ ಕೊಳೆ ಹೊರಬರುತ್ತದೆ, ಏನೂ ಉಳಿಯದೆ ಬೇಗ ಆರುತ್ತದೆ. ಡಬ್ಬಿಯ ಮೇಲೆ ಪ್ಲಾಸ್ಟಿಕ್ಕಿಗೆ ಹಾನಿಯಿಲ್ಲ ಎಂದು ಬರೆದಿದೆಯೇ ನೋಡಿಕೊಳ್ಳಿ. ಬಹುಪಾಲು ಕ್ಲೀನರ್‌ಗಳು ಬೆಂಕಿ ಹಿಡಿಯುವಂಥವು, ಪೂರ್ತಿ ಆರುವ ತನಕ ಬ್ಯಾಟರಿ ಜೋಡಿಸಬೇಡಿ.

ಕಿಲುಬು ಹಿಡಿದಿದ್ದರೆ ಮಾತ್ರ ಡಿಆಕ್ಸಿಡೈಸರ್. ನಾನು ಬಳಸಿದ ಡಿಆಕ್ಸಿಟ್ ಡಿ5 ಎಂಬ ಸ್ಪ್ರೇಯಲ್ಲಿ ಅಸಲಿ ಮದ್ದು 5% ಅಷ್ಟೇ, ಉಳಿದದ್ದು ಅದನ್ನು ಹೊತ್ತೊಯ್ಯುವ ದ್ರಾವಕ. ಆದರೂ ಆಕ್ಸೈಡನ್ನು ನಿಜಕ್ಕೂ ಕರಗಿಸುವುದು ನಾನು ಬಳಸಿದ್ದರಲ್ಲಿ ಅದೊಂದೇ. ದುಬಾರಿ.

ಬ್ರೇಕ್ ಕ್ಲೀನರ್ ಬೇಡ, ಪ್ಲಾಸ್ಟಿಕ್ಕನ್ನೂ ರಬ್ಬರನ್ನೂ ತಿನ್ನಬಹುದು. ಸ್ಯಾಂಡ್‌ಪೇಪರ್ ಅಂತೂ ಬೇಡವೇ ಬೇಡ, ಲೇಪವೇ ಹೋಗುತ್ತದೆ.

ಇನ್ನು ಗ್ರೀಸು. ನನ್ನ ತಲೆ ತಿಂದದ್ದು ಇದೇ. ಹಿಂದೆ ಒಂದು ಗ್ಯಾರೇಜಿನವರು "ಇನ್ನು ನೀರಿನ ಚಿಂತೆ ಬಿಡಿ ಸಾರ್" ಅಂತ ಕನೆಕ್ಟರಿನ ಬಾಯಿಗೆ ಗಾರೆ ಮೆತ್ತಿದ ಹಾಗೆ ಡೈಎಲೆಕ್ಟ್ರಿಕ್ (ಕರೆಂಟು ಹರಿಯಬಿಡದ) ಗ್ರೀಸು ತುಂಬಿ ಕಳಿಸಿದ್ದರು. ಸುತ್ತ ರಬ್ಬರ್ ಸೀಲ್ ಇರುವ ಕನೆಕ್ಟರ್ ಅದು. ಒಳಗಿನ ಗಾಳಿಗೂ ಗ್ರೀಸಿಗೂ ಹೊರಗೆ ಬರಲು ದಾರಿಯಿಲ್ಲ. ಲಾಕಿನ ಲಿವರ್ ಎಳೆದರೆ ಸ್ಪ್ರಿಂಗಿನಂತೆ ವಾಪಸ್ ತಳ್ಳುತ್ತದೆ. ಬಲ ಹಾಕಿ ಕೂರಿಸಿದರೆ ಕೂತ ಹಾಗೆ ಕಾಣುತ್ತದೆ, ಒಂದು ಮೂಲೆ ಮಾತ್ರ ಉಗುರು ತೂರುವಷ್ಟು ಮೇಲೆದ್ದಿರುತ್ತದೆ. ಆ ಮೂಲೆಯ ಪಿನ್ನುಗಳು ಅರ್ಧಂಬರ್ಧ ಕೂತಿರುತ್ತವೆ. ಗುಂಡಿ ಸಿಕ್ಕಲ್ಲೆಲ್ಲ ದೀಪ ಹತ್ತುತ್ತಿದ್ದದ್ದು ಅದಕ್ಕೇ.

ತೆಗೆಯಲು ಹೋದರೆ ಇನ್ನೊಂದು ರಗಳೆ. ಅದು ಸಿಲಿಕೋನ್ ಗ್ರೀಸು, ಆಲ್ಕೋಹಾಲಿಗೆ ಜಗ್ಗುವುದಿಲ್ಲ. ಬ್ರಷ್ ಆಡಿಸಿದಷ್ಟೂ ಈ ಪಿನ್ನಿಂದ ಆ ಪಿನ್ನಿಗೆ ಸವರಿಕೊಂಡು ಹೋಗುತ್ತದೆ, ಬ್ರಷ್ಷೂ ಹಾಳು. ಕೊನೆಗೆ ಕೈಹಿಡಿದದ್ದು ಕಾಂಟ್ಯಾಕ್ಟ್ ಕ್ಲೀನರೇ. ಕನೆಕ್ಟರಿನ ಬಾಯಿ ಕೆಳಗೆ ಮಾಡಿ, ಅಡಿಗೆ ಬಟ್ಟೆ ಹಿಡಿದು, ಚೂರು ಚೂರೇ ಹೊಡೆಯುತ್ತಾ ಇಳಿಸಬೇಕಾಯಿತು. ಮೊದಲು ಬಿಳಿ ಲೋಳೆ ಇಳಿಯಿತು, ಬಟ್ಟೆ ಬದಲಿಸಿ ಬದಲಿಸಿ ಕೊನೆಗೆ ತಿಳಿಯಾದದ್ದು ಬಂತು. ಡಬ್ಬಿಯಲ್ಲಿ ಮುಕ್ಕಾಲು ಪಾಲು ಇದೊಂದಕ್ಕೇ ಖರ್ಚು.

ಹಾಗಂತ ಗ್ರೀಸೇ ಕೆಟ್ಟದ್ದಲ್ಲ. ಅದರಲ್ಲಿ ಕರೆಂಟು ಹರಿಯುವುದಿಲ್ಲ ನಿಜ, ಆದರೆ ಬಿಗಿಯಾದ ಪಿನ್ನು ಒಳಹೋಗುವಾಗ ಒತ್ತಡಕ್ಕೆ ಅದು ಪಕ್ಕಕ್ಕೆ ಸರಿದು ಲೋಹಕ್ಕೆ ಲೋಹ ತಾಗುತ್ತದೆ. ಸಡಿಲ ಪಿನ್ನಿನಲ್ಲಿ ಮಾತ್ರ ನಡುವೆಯೇ ಉಳಿದು ತೊಂದರೆ ಕೊಡಬಹುದು. ನಾನು ಈಗ ಹಚ್ಚುವುದು ಹೊರಗಿನ ರಬ್ಬರ್ ಸೀಲಿಗೆ ಮಾತ್ರ, ಬೆರಳ ತುದಿಯಲ್ಲಿ ಮಿಂಚು ಕಾಣುವಷ್ಟು. ಎಂಜಿನ್ ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರಿನ ಕನೆಕ್ಟರಿಗೆ ಅದೂ ಇಲ್ಲ: ಹಲವು ಸೆನ್ಸರ್‌ಗಳು ಹೋಲಿಕೆಗೆ ಬೇಕಾದ ಹೊರಗಾಳಿಯನ್ನು ವೈರಿನ ಎಳೆಗಳ ಸಂದಿನಿಂದಲೇ ಎಳೆದುಕೊಳ್ಳುತ್ತವೆ, ಸಿಲಿಕೋನ್ ಆವಿ ಹೊಕ್ಕರೆ ಸೆನ್ಸರ್ ಕೆಡುತ್ತದೆ.

ವ್ಯಾಸಲೀನ್ ಎಂಜಿನ್ ಬಿಸಿಗೆ ಕರಗಿ ಇಳಿಯುತ್ತದೆ, ಕೆಲವು ಬಗೆಯ ರಬ್ಬರನ್ನು ಉಬ್ಬಿಸುತ್ತದೆ. ತಾಮ್ರದ ಪುಡಿ ಇರುವ ಗ್ರೀಸು ಅಕ್ಕಪಕ್ಕದ ಪಿನ್ನುಗಳನ್ನು ಶಾರ್ಟ್ ಮಾಡೀತು.

ನಾನು ಕಾರಿನ ಕೆಲಸವನ್ನು ರಜೆಯ ದಿನ ನಿಧಾನಕ್ಕೆ ಮಾಡುವವನು, ಡಬ್ಬಿಗಳನ್ನು ಗುಡ್ಡೆ ಹಾಕುವ ಚಟವಿಲ್ಲ. ಹಾಗಾಗಿ ನನಗೆ ಒಂದು ಕಾಂಟ್ಯಾಕ್ಟ್ ಕ್ಲೀನರ್, ಒಂದು ಸಣ್ಣ ಟ್ಯೂಬ್ ಗ್ರೀಸು ಸಾಕು. ಡಿಆಕ್ಸಿಡೈಸರ್ ಗೆಳೆಯನ ಹತ್ತಿರ ಇದೆ, ಬೇಕಾದಾಗ ಕೇಳುತ್ತೇನೆ. ಕೈ ಬಿಗಿ ಇದ್ದವರು 99% ಆಲ್ಕೋಹಾಲಿನಿಂದಲೇ ಶುರುಮಾಡಲಿ, ಗ್ರೀಸು ಮೆತ್ತಿಲ್ಲದ ಕನೆಕ್ಟರಿಗೆ ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ. ಇಷ್ಟೆಲ್ಲ ಮಾಡಿದ ಮೇಲೂ ದೀಪ ಹತ್ತಿದರೆ ಅದೇ ಅಳತೆಯ ಬಿಡಿ ಪಿನ್ನೊಂದನ್ನು ಪ್ರತಿ ಸಾಕೆಟ್ಟಿಗೂ ತೂರಿಸಿ ಎಳೆದು ನೋಡಿ. ಹಿಡಿತವೇ ಇಲ್ಲದೆ ಜಾರಿ ಬರುವ ಸಾಕೆಟ್ಟನ್ನು ಬದಲಿಸಬೇಕು, ಅದಕ್ಕೆ ಯಾವ ಸ್ಪ್ರೇಯೂ ಇಲ್ಲ.