ಟವರ್, ವೈಫೈ, ಉಪಗ್ರಹ: ನಮ್ಮ ತೋಟದಲ್ಲಿ ಯಾವುದನ್ನು ನಂಬುವುದು?

ಏಪ್ರಿಲ್‌ನಲ್ಲಿ ಪಂಪಿನ ಮೋಟಾರ್ ಕೆಟ್ಟಿತು. ಮೆಕ್ಯಾನಿಕ್‌ಗೆ ಲೊಕೇಶನ್ ಕಳಿಸಿದೆ. ಅರ್ಧ ಗಂಟೆ ಬಿಟ್ಟು ನೋಡಿದರೆ ಅವರು ಹೊಳೆಯ ಆಚೆ ದಡದಲ್ಲಿ, ಬೇರೆ ಯಾರದೋ ಗೇಟಿನ ಮುಂದೆ ಹಾರನ್ ಹೊಡೆಯುತ್ತಿದ್ದಾರೆ. ಈಚೆ ಬರಲು ಸೇತುವೆ ಸುತ್ತಬೇಕು. ತಪ್ಪು ಫೋನಿನದೋ ನನ್ನದೋ ನೋಡೇಬಿಡೋಣ ಅನ್ನಿಸಿತು. ಕೊಡಗಿನ ನಾಪೋಕ್ಲು ಹತ್ತಿರದ ನಮ್ಮ ತೋಟದಲ್ಲಿ ಎರಡು ಫೋನ್ ಹಿಡಿದು ಓಡಾಡಿದೆ. ಬೇಸಿಗೆಯಲ್ಲಿ ಒಂದು ಸಲ, ಕಕ್ಕಡ ತಿಂಗಳ ಜೋರು ಮಳೆಯಲ್ಲಿ ಇನ್ನೊಂದು ಸಲ.

ಅಳೆಯಲು ಎರಡು ಜಾಗ ಆರಿಸಿದೆ. ಒಂದು ಕಾಫಿ ಒಣಗಿಸುವ ಕಣದ ಮೂಲೆ, ಅಲ್ಲಿ ಆಕಾಶ ಪೂರ್ತಿ ಕಾಣುತ್ತದೆ. ಇನ್ನೊಂದು, ಕಣದ ಅಂಚಿನ ನೇರಕ್ಕೆ ಟೇಪ್ ಹಿಡಿದು 40 ಮೀಟರ್ ದೂರದ ಸಿಲ್ವರ್ ಓಕ್ ಬುಡ. ಕಣದ ಮೂಲೆ ಉಪಗ್ರಹ ಚಿತ್ರದಲ್ಲಿ ಚೆನ್ನಾಗಿ ಕಾಣುತ್ತದೆ. ಆ ಚಿತ್ರವೇ ಸ್ವಲ್ಪ ಜರುಗಿರಬಹುದು. ಇರಲಿ, ಎಲ್ಲರಿಗೂ ಒಂದೇ ತಕ್ಕಡಿ ಅಲ್ವಾ.

ಮೊದಲು ಬರೀ ಟವರ್. ನನ್ನ ಹಳೇ ಆಂಡ್ರಾಯ್ಡ್ ಫೋನಿನಲ್ಲಿ ಜಿಪಿಎಸ್ ಬಿಟ್ಟು ಟವರ್, ವೈಫೈ ಮಾತ್ರ ಬಳಸುವ ‘ಬ್ಯಾಟರಿ ಸೇವಿಂಗ್’ ಮೋಡ್ ಇದೆ. ವೈಫೈ ಆಫ್ ಮಾಡಿ ನೋಡಿದೆ. ಗುಡ್ಡದ ಇನ್ನೊಂದು ಮಗ್ಗುಲಲ್ಲಿ, ಒಂದು ಕಿಲೋಮೀಟರಿಗಿಂತ ಜಾಸ್ತಿ ದೂರದಲ್ಲಿ ಚುಕ್ಕಿ ಬಿತ್ತು. ಆಶ್ಚರ್ಯವೇನಿಲ್ಲ. ಫೋನ್ ತನ್ನಿಂದ ಎಷ್ಟು ದೂರದಲ್ಲಿದೆ ಎಂಬುದು ಟವರ್‌ಗೆ ಸಿಗ್ನಲ್ ತಲುಪುವ ಸಮಯದಿಂದ ಗೊತ್ತಾಗುತ್ತದೆ. ಆ ಅಳತೆಯ ಒಂದು ಮೆಟ್ಟಿಲು 2ಜಿಯಲ್ಲಿ ಸುಮಾರು 550 ಮೀಟರ್, 4ಜಿಯಲ್ಲಿ ಸುಮಾರು 78 ಮೀಟರ್. ಆದರೆ ಒಂದೇ ಟವರ್ ಇದ್ದರೆ ಸಿಗುವುದು ದೂರ ಮಾತ್ರ, ದಿಕ್ಕು ಸರಿಯಾಗಿ ಸಿಗುವುದಿಲ್ಲ. ಜಾಗ ಹಿಡಿಯಲು ಮೂರಾದರೂ ಬೇಕು. ನಮಗೆ ಕೇಳಿಸುವುದೇ ಒಂದು, ಅದೂ ಗುಡ್ಡಕ್ಕೆ ಬಡಿದು ಬಳಸಿ ಬರುತ್ತದೆ. ಮಳೆಗಾಲದಲ್ಲಿ ಮೂರು ದಿನ ಕರೆಂಟ್ ಹೋದರೆ ಅದೂ ಸತ್ತೇ ಹೋಗುತ್ತದೆ.

4ಜಿಯಲ್ಲಿ ಹಲವು ಟವರ್‌ಗಳ ಸಿಗ್ನಲ್ ಬರುವ ಸಮಯದ ವ್ಯತ್ಯಾಸದಿಂದ ಜಾಗ ಹಿಡಿಯುವ ವಿಧಾನವೂ ಉಂಟು. ಅದಕ್ಕೆ ಟವರ್‌ಗಳ ಗಡಿಯಾರ ಒಂದಕ್ಕೊಂದು ಹೊಂದಿರಬೇಕು. ಒಂದು ಮೈಕ್ರೋಸೆಕೆಂಡ್ ತಪ್ಪಿದರೆ 300 ಮೀಟರ್ ಹೋಯಿತು. 2020ರ 5ಜಿ ನಿಯಮಾವಳಿಯಲ್ಲಿ, ಸಿಗ್ನಲ್ ಹೋಗಿಬರುವ ಸಮಯವನ್ನೇ ಅಳೆದು ಈ ತಲೆನೋವು ತಪ್ಪಿಸುವ ದಾರಿ ಸೇರಿಸಿದ್ದಾರೆ. ಆದರೂ ಸುತ್ತ ಟವರ್ ಬೇಕೇ ಬೇಕು. ಅದು ನನ್ನ ಕೈಯಲ್ಲಿಲ್ಲ.

ವೈಫೈ ಕತೆ ಮಜವಾಗಿದೆ. ಯಾವ ರೌಟರ್ ಎಲ್ಲಿದೆ ಎಂಬ ದೊಡ್ಡ ಪಟ್ಟಿ ನೋಡಿ ಫೋನ್ ಜಾಗ ಹೇಳುತ್ತದೆ. ಮಡಿಕೇರಿ ಬಸ್ ಸ್ಟ್ಯಾಂಡ್ ಸುತ್ತ ಅಂಗಡಿಗಳ ವೈಫೈ ಸಾಕಷ್ಟಿದೆ, ಅಲ್ಲಿ 25 ಮೀಟರ್ ಒಳಗೇ ತೋರಿಸಿತು. ತೋಟದಲ್ಲಿ ಇರುವುದು ನಮ್ಮ ಮನೆಯ ಒಂದೇ ರೌಟರ್. ಅದು ತಮ್ಮನ ಮೈಸೂರಿನ ಮನೆಯಿಂದ ತಂದದ್ದು. ತಂದ ಹೊಸತರಲ್ಲಿ ಜಗಲಿಯಲ್ಲಿ ಕೂತಿದ್ದರೂ ಫೋನ್ ‘ನೀವು ಮೈಸೂರಿನಲ್ಲಿದ್ದೀರಿ’ ಅನ್ನುತ್ತಿತ್ತು. ರೌಟರ್ ಊರು ಬಿಟ್ಟದ್ದು ಪಟ್ಟಿಗೆ ಗೊತ್ತಾಗಲು ವಾರಗಳೇ ಬೇಕಾದವು.

ನಿಜವಾದ ಪೈಪೋಟಿ ಉಪಗ್ರಹದಲ್ಲಿ. ಉಪಗ್ರಹಗಳು ಎಲ್1, ಎಲ್5 ಎಂಬ ಬೇರೆ ಬೇರೆ ರೇಡಿಯೋ ಅಲೆಗಳಲ್ಲಿ ಸಿಗ್ನಲ್ ಕಳಿಸುತ್ತವೆ. ಹಳೇ ಫೋನ್ ಎಲ್1 ಅಲೆಯನ್ನು ಮಾತ್ರ ಹಿಡಿಯುತ್ತದೆ. ಹೊಸದು ಎಲ್1 ಜೊತೆ ಎಲ್5 ಸಹ ಹಿಡಿಯುತ್ತದೆ. ಕಣದಲ್ಲಿ ಇಬ್ಬರೂ ನಾಲ್ಕೈದು ಮೀಟರ್ ಒಳಗೇ, ಹೆಚ್ಚೇನೂ ವ್ಯತ್ಯಾಸವಿಲ್ಲ. ಮರದ ಕೆಳಗೆ ಮಾತ್ರ ಬಣ್ಣ ಬಯಲಾಯಿತು. ಹಳೆಯದು ಸುಮ್ನೆ ನಿಂತಿದ್ದರೂ 15ರಿಂದ 25 ಮೀಟರ್ ಅಲೆದಾಡಿತು. ಹೊಸದು ಎಂಟು ಮೀಟರ್ ದಾಟಲಿಲ್ಲ. ಕಾರಣ, ಎಲೆ, ಕಾಂಡ, ದಿಬ್ಬಕ್ಕೆ ಬಡಿದು ತಡವಾಗಿ ಬರುವ ಸಿಗ್ನಲ್. ಎಲ್5 ಸಂಕೇತದ ಮಿಡಿತ ಎಲ್1ಗಿಂತ ಹತ್ತು ಪಟ್ಟು ಚುರುಕು, ಹಾಗಾಗಿ ನೇರ ಬಂದದ್ದನ್ನೂ ಬಡಿದು ಬಂದದ್ದನ್ನೂ ಬೇರೆ ಮಾಡುವುದು ಸುಲಭ. ನಮ್ಮ ದೇಶದ ನಾವಿಕ್ ಉಪಗ್ರಹಗಳೂ ಎಲ್5ನಲ್ಲಿ ಮಾತಾಡುತ್ತವೆ. ಫೋನಿಗೆ ಸಿಗುವ ಉಪಗ್ರಹಗಳನ್ನು ತೋರಿಸುವ ಜಿಪಿಎಸ್‌ಟೆಸ್ಟ್ ಆಪ್‌ನಲ್ಲಿ ಅವು ಮೂರ್ನಾಲ್ಕು ಕಂಡವು.

ಮಳೆಯಲ್ಲಿ ಇಬ್ಬರೂ ಸ್ವಲ್ಪ ಹದಗೆಟ್ಟರು. ಮಳೆಹನಿ ಈ ಅಲೆಗಳನ್ನು ಅಷ್ಟಾಗಿ ತಡೆಯುವುದಿಲ್ಲ, ತಡೆಯುವುದು ತೊಯ್ದ ಎಲೆ. ಕಣದಲ್ಲಿ ಕೊಡೆ ಹಿಡಿದು ನಿಂತರೆ ಬೇಸಿಗೆಯಷ್ಟೇ ಚೆನ್ನಾಗಿತ್ತು.

ಹಾಗಾದರೆ ಮೊಬೈಲ್ ನೆಟ್‌ವರ್ಕ್ ದಂಡವೇ? ಅಲ್ಲ. ಆಪ್‌ನಲ್ಲಿ ಹಳೆಯ ಸಹಾಯ ಮಾಹಿತಿ (ಉಪಗ್ರಹಗಳು ಎಲ್ಲಿವೆ ಎಂದು ಫೋನ್ ಉಳಿಸಿಕೊಂಡ ಲೆಕ್ಕ) ಅಳಿಸಿ, ಏರ್‌ಪ್ಲೇನ್ ಮೋಡ್‌ನಲ್ಲಿ ಮರದ ಕೆಳಗೆ ನಿಂತೆ. ಹೊಸ ಫೋನೇ ನಾಲ್ಕು ನಿಮಿಷ ತಡಕಾಡಿತು. ಡೇಟಾ ಹಾಕಿದ ಮೇಲೆ ಹತ್ತು ಸೆಕೆಂಡ್ ಸಾಕಾಯಿತು. ಜಿಪಿಎಸ್ ಉಪಗ್ರಹ ತಾನು ಎಲ್ಲಿದ್ದೇನೆ ಎಂಬುದನ್ನು ಸೆಕೆಂಡಿಗೆ ಬರೀ 50 ಬಿಟ್‌ನಂತೆ ಹೇಳುತ್ತದೆ, ಒಂದು ಸುತ್ತಿಗೆ 30 ಸೆಕೆಂಡ್. ನಡುವೆ ಕೊಂಬೆ ಅಡ್ಡ ಬಂದು ಮಾತು ತಪ್ಪಿದರೆ ಅದು ಮತ್ತೆ ಬರುವ ತನಕ ಕಾಯಬೇಕು. ಅದನ್ನೇ ನೆಟ್‌ವರ್ಕ್ ಚಿಟಿಕೆಯಲ್ಲಿ ಕೊಡುತ್ತದೆ. ಆದ್ದರಿಂದ ಈಗ ಮನೆಯಲ್ಲಿ ಸಿಗ್ನಲ್ ಇರುವಾಗಲೇ ಮ್ಯಾಪ್ ಒಮ್ಮೆ ತೆರೆದುಕೊಂಡು ತೋಟಕ್ಕೆ ಇಳಿಯುತ್ತೇನೆ. ಎರಡು ಮೂರು ಗಂಟೆಗೆ ಆ ಮಾಹಿತಿ ಸಾಕು.

ಏಪ್ರಿಲ್‌ನ ತಪ್ಪು ನನ್ನದೇ. ತಗಡಿನ ಸೂರಿನ ಕೆಳಗೆ ನಿಂತು, ಮ್ಯಾಪಿನ ನೀಲಿ ವೃತ್ತ (ದೊಡ್ಡದಿದ್ದಷ್ಟೂ ಜಾಗ ಅನುಮಾನ) ದೊಡ್ಡದಿದ್ದಾಗಲೇ ‘ಕಳಿಸು’ ಒತ್ತಿದ್ದೆ. ಮೆಕ್ಯಾನಿಕ್‌ಗೆ ಹೋದದ್ದು ಟವರ್‌ನ ಊಹೆ.

ಎಲ್5 ಫೋನಿಗೆ ಜಾಸ್ತಿ ದುಡ್ಡು ಕೊಡಬಹುದೇ ಎಂದರೆ, ಮರದ ಕೆಳಗೆ ಕೆಲಸ ಇರುವವರು ಕೊಡಬಹುದು. ದಾರಿ ತೋರಿಸಲು ಮಾತ್ರವಾದರೆ ಹಳೆಯದೇ ಸಾಕು, ಅಂಗಳಕ್ಕೆ ಬಂದು ಅರ್ಧ ನಿಮಿಷ ನಿಲ್ಲಿ. ನನ್ನ ಆಸೆ ಸೊರಗು ರೋಗ ಬಂದ ಮೆಣಸಿನ ಬಳ್ಳಿಗಳನ್ನು ಮ್ಯಾಪಿನಲ್ಲಿ ಗುರುತಿಸುವುದಾಗಿತ್ತು. ಮರದಿಂದ ಮರಕ್ಕೆ ಮೂರು ಮೀಟರ್, ಫೋನಿನ ತಪ್ಪು ಎಂಟು. ಹಾಗಾಗಿ ಇವತ್ತಿಗೂ ಸಿಲ್ವರ್ ಓಕ್ ಕಾಂಡದ ಮೇಲೆ ಬಿಳಿ ಪೇಂಟಿನಲ್ಲಿ ನಂಬರ್ ಬರೆಯುತ್ತಿದ್ದೇನೆ.