ಸ್ಪಿರಿಟ್ ಪಾಲಿಶ್ ಬೇಕಾ, ಅಗಸೆ ಎಣ್ಣೆ ಸಾಕಾ?

ನೀವೇ ಮಾಡಿದ ತೇಗದ ಡಬ್ಬಿಯನ್ನು ನಾಳೆ ಗೆಳೆಯರ ಮುಂದಿಡಬೇಕು, ಉಪ್ಪು ಕಾಗದ ಉಜ್ಜಿದ್ದು ಈಗಷ್ಟೇ ಮುಗಿದಿದೆ. ಹಾಗಿದ್ದರೆ ಯೋಚನೆ ಬೇಡ, ಸ್ಪಿರಿಟ್ ಪಾಲಿಶ್ ಹಿಡಿಯಿರಿ. ಅರಗಿನ ಚಕ್ಕೆಯನ್ನು ಸ್ಪಿರಿಟ್‌ನಲ್ಲಿ ಮೊದಲೇ ಕರಗಿಸಿಟ್ಟಿದ್ದರೆ ಒಂದು ಕೋಟ್ ಒಣಗಲು ಗಂಟೆ ಸಾಕು. ಹತ್ತಿಯನ್ನು ತೆಳು ಬಟ್ಟೆಯಲ್ಲಿ ಸುತ್ತಿ, ಅದ್ದಿ, ನಿಲ್ಲಿಸದೆ ಎಳೆಯಬೇಕು. ಕೈ ಒಂದು ಕ್ಷಣ ನಿಂತರೂ ಬಟ್ಟೆ ಅಲ್ಲೇ ಅಂಟಿ ಕಲೆ ಉಳಿಯುತ್ತದೆ. ನನ್ನ ಮೊದಲ ಡಬ್ಬಿಯ ಮುಚ್ಚಳದಲ್ಲಿ ಅಂಥವು ಮೂರಿವೆ! ಹೊಳಪೇನೋ ಜಾಸ್ತಿ. ಆದರೆ ಬಿಸಿ ಕಾಫಿ ಲೋಟ ಇಟ್ಟರೆ ಬಿಳಿ ಉಂಗುರ ಮೂಡುತ್ತದೆ, ಮಳೆಗಾಲದ ತೇವಕ್ಕೆ ಪಾಲಿಶ್ ಮಂಜು ಹಿಡಿದಂತಾಗುತ್ತದೆ.

ಅಗಸೆ ಎಣ್ಣೆಗೆ ಕೈಚಳಕ ಬೇಡ. ಸವರಿ, 20 ನಿಮಿಷ ಬಿಟ್ಟು, ಉಳಿದದ್ದನ್ನು ಒರೆಸಿದರೆ ಆಯ್ತು. ತಾಳ್ಮೆ ಮಾತ್ರ ಬೇಕು, ಹಸಿ ಎಣ್ಣೆ ಒಣಗಲು ದಿನಗಟ್ಟಲೆ ಹಿಡಿಯುತ್ತದೆ. ಅಂಗಡಿಯಲ್ಲಿ ಸಿಗುವ ಬಾಯ್ಲ್ಡ್ ಎಣ್ಣೆ ಬೇಗ ಒಣಗುತ್ತದೆ, ಆದರೆ ಅದರಲ್ಲಿ ಸಾಮಾನ್ಯವಾಗಿ ಲೋಹದ ಲವಣ ಸೇರಿರುತ್ತದೆ. ಸೌಟು, ಚಮಚಕ್ಕೆ ಬೇಡ.

ಒರೆಸಿದ ಬಟ್ಟೆಯನ್ನು ಸುಮ್ನೆ ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯಲ್ಲಿ ಅದು ತಾನಾಗಿಯೇ ಬೆಂಕಿ ಹಿಡಿಯಬಹುದು. ಹೊರಗೆ ಬಿಡಿಸಿ ಹರವಿ.

ತೋರಿಸಿ ಕಪಾಟಿಗೆ ಇಡುವುದಾದರೆ ಪಾಲಿಶ್. ಹತ್ತು ಕೈ ಮುಟ್ಟಿ, ತಿರುಗಿಸಿ, ಮೂಸಿ ನೋಡುವ ವಸ್ತುವಿಗೆ ನನ್ನ ಓಟು ಎಣ್ಣೆಗೇ. ಗೀರು ಬಿದ್ದರೆ ಅಲ್ಲಷ್ಟೇ ಮತ್ತೆ ಸವರಬಹುದು, ಅಲ್ವಾ?