ಹುಡುಕಿದ್ದಕ್ಕೆ 700, ಜೋಡಿಸಿದ್ದಕ್ಕೆ 250: ಗದ್ದನಕೇರಿ ಕ್ರಾಸ್ ಹತ್ತಿರದ ವೈರಿಂಗ್ ಗ್ಯಾರೇಜು

ಬಾಗಲಕೋಟೆ ಸುತ್ತಮುತ್ತಲಿನವರು ಯಾರಾದರೂ ಡ್ಯಾಶ್‌ಬೋರ್ಡಿನಲ್ಲಿ ಹಳದಿ ಎಂಜಿನ್ ದೀಪ ಹತ್ತಿದೆ, ಎಲ್ಲಿಗೆ ಒಯ್ಯಲಿ ಎಂದು ಕೇಳಿದರೆ ನಾನು ಈಗ ಒಂದೇ ಕಡೆ ಕೈ ತೋರಿಸುತ್ತೇನೆ. ಗದ್ದನಕೇರಿ ಕ್ರಾಸ್ ಹತ್ತಿರ ಪಂಕ್ಚರ್ ಅಂಗಡಿಗಳ ಸಾಲು ಮುಗಿದ ಮೇಲೆ ಬರುವ ತಗಡಿನ ಷೆಡ್ಡು ಅದು. ಅಲ್ಲಿ ನನಗೆ ಕೊಟ್ಟ ಚೀಟಿಯಲ್ಲಿ ಎರಡೇ ಸಾಲುಗಳಿದ್ದವು: ದೋಷ ಹುಡುಕಿದ ಕೂಲಿ 700 ರೂಪಾಯಿ, ತಂತಿ, ಸ್ಲೀವ್, ಬೆಸುಗೆ ಸೇರಿ 250 ರೂಪಾಯಿ. ಚೀಟಿ ನೋಡಿದ ಸಹೋದ್ಯೋಗಿಯೊಬ್ಬರು ‘ಬರೀ ನೋಡಿದ್ದಕ್ಕೆ ಏಳು ನೂರು ತೆಗೆದುಕೊಂಡರೇ?’ ಎಂದು ಹುಬ್ಬೇರಿಸಿದರು. ಇದನ್ನು ಬರೆಯಲು ಆ ಮಾತೇ ಕಾರಣ. ಕೊಟ್ಟ 950 ರೂಪಾಯಿಯಲ್ಲಿ ನಿಜವಾಗಿ ಬೆಲೆ ಬಾಳುವುದು ಆ ಮೊದಲ ಸಾಲು.

ನಾನು ಬೀಳಗಿ ಕಡೆಯ ಪದವಿಪೂರ್ವ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಮನೆ ನವನಗರದಲ್ಲಿ. 2017ರ ಪೆಟ್ರೋಲ್ ಕಾರಿನಲ್ಲಿ ಅನಗವಾಡಿ ಸೇತುವೆ ದಾಟಿ ಹೋಗಿ ಬರುವುದು ದಿನದ ಕೆಲಸ. ಕಬ್ಬಿನ ಹಂಗಾಮು ಮುಗಿಯುತ್ತ ಬಂದಿದ್ದಾಗ, ಒಂದು ಸಂಜೆ ಕಾಲೇಜಿನಿಂದ ಹೊರಟ ಸ್ವಲ್ಪ ಹೊತ್ತಿಗೆ ಎಂಜಿನ್ ಚಿತ್ರದ ಹಳದಿ ದೀಪ ಹತ್ತಿತು. ಓಟದಲ್ಲಿ ಯಾವ ವ್ಯತ್ಯಾಸವೂ ಇರಲಿಲ್ಲ. ಮೊದಲು ತೋರಿಸಿದ ಕಡೆ ಸ್ಕ್ಯಾನರ್ ಹಾಕಿ, ಕಾರಿನ ಕಂಪ್ಯೂಟರ್ ಬರೆದಿಟ್ಟಿದ್ದ ದೋಷದ ಕೋಡ್ ಅಳಿಸಿ ಕಳಿಸಿದರು. ದೀಪ ಆರಿತು, ಮತ್ತೆ ಹತ್ತಿತು. ಇನ್ನೊಂದು ಕಡೆ ಕೋಡ್ ಓದಿದರು: ಪಿ0135. ಮೀಟರ್ ಹಿಡಿದು ‘ಕರೆಂಟ್ ಸರಿಯಾಗಿ ಬರುತ್ತಿದೆ, ಆಕ್ಸಿಜನ್ ಸೆನ್ಸರ್ ಹೋಗಿದೆ, ಹೊಸದು ಹಾಕಿದರೆ ಕೂಲಿ ಸೇರಿ 4,800’ ಎಂದರು. ಕೋಡ್ ಇದೆ, ಮೀಟರ್ ಇದೆ, ಉತ್ತರವೂ ಇದೆ. ಆದರೂ ನನಗೆ ಸಮಾಧಾನವಾಗಲಿಲ್ಲ, ಏಕೆಂದರೆ ಸೆನ್ಸರನ್ನು ಯಾರೂ ಅಳೆದಿರಲಿಲ್ಲ.

ಆ ಕೋಡ್ ಏನು ಹೇಳುತ್ತದೆ ಎಂಬುದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ, ಏಕೆಂದರೆ ಹಣ ಪೋಲಾಗುವುದು ಇಲ್ಲಿಯೇ. ಎಂಜಿನ್ನಿನಿಂದ ಹೊರಡುವ ಹೊಗೆಯಲ್ಲಿ ಎಷ್ಟು ಆಮ್ಲಜನಕ ಉಳಿದಿದೆ ಎಂದು ಆಕ್ಸಿಜನ್ ಸೆನ್ಸರ್ ನೋಡುತ್ತಿರುತ್ತದೆ. ಅದರ ಮಾತು ಕೇಳಿ ಕಾರಿನ ಕಂಪ್ಯೂಟರ್ ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಎಂಬ ಹದ ಕಾಯುತ್ತದೆ. ಆದರೆ ಸುಮಾರು 300 ಡಿಗ್ರಿ ಸೆಲ್ಸಿಯಸ್ ಮುಟ್ಟುವವರೆಗೆ ಈ ಸೆನ್ಸರಿನ ಮಾತನ್ನು ನಂಬುವಂತಿಲ್ಲ. ಹೊಗೆಯ ಶಾಖಕ್ಕೆ ಕಾಯದೆ ಬೇಗ ಕಾಯಲಿ ಎಂದು ಅದರೊಳಗೆ ಪುಟ್ಟ ಹೀಟರ್ ಇಟ್ಟಿರುತ್ತಾರೆ. ಪಿ0135 ಎಂದರೆ ಎಂಜಿನ್ನಿಗೆ ಹತ್ತಿರವಿರುವ ಮುಂದಿನ ಸೆನ್ಸರಿನ ಹೀಟರ್ ಸರ್ಕ್ಯೂಟಿನಲ್ಲಿ ದೋಷ ಎಂದಷ್ಟೇ ಅರ್ಥ. ಸರ್ಕ್ಯೂಟು ಎಂದ ಮೇಲೆ ಫ್ಯೂಸು, ರಿಲೇ, ತಂತಿ, ತಂತಿಗಳನ್ನು ಕೂಡಿಸುವ ಕಪ್ಲರ್, ಹೀಟರ್, ಕಂಪ್ಯೂಟರಿನೊಳಗಿನ ಸ್ವಿಚ್ಚು ಎಲ್ಲವೂ ಬಂದವು. ಇವುಗಳಲ್ಲಿ ಯಾವುದು ಕೆಟ್ಟಿದೆ ಎಂದು ಕೋಡ್ ಹೇಳುವುದಿಲ್ಲ. ಅದನ್ನು ಮನುಷ್ಯನೇ ಹುಡುಕಬೇಕು.

ಷೆಡ್ಡಿನ ಯಜಮಾನರನ್ನು ಲಾರಿಯವರು, ಟ್ರ್ಯಾಕ್ಟರಿನವರು, ಎಲ್ಲರೂ ಕಾಕಾ ಎಂದೇ ಕರೆಯುತ್ತಾರೆ. ಅವರ ಮೊದಲ ಪ್ರಶ್ನೆ, ‘ಅಕ್ಕಾವರೇ, ಕೋಡ್ ಮತ್ತೆ ಯಾರೂ ಅಳಿಸಿಲ್ಲ ತಾನೇ?’ ಕೋಡ್ ದಾಖಲಾದ ಕ್ಷಣದಲ್ಲಿ ಎಂಜಿನ್ ಎಷ್ಟು ಬಿಸಿಯಿತ್ತು, ವೇಗ ಎಷ್ಟಿತ್ತು ಎಂಬ ಲೆಕ್ಕವೂ ಜೊತೆಗೇ ಉಳಿದಿರುತ್ತದೆ. ಕೋಡ್ ಅಳಿಸಿದರೆ ಅದೂ ಅಳಿಯುತ್ತದೆ. ಸ್ಟಿಯರಿಂಗ್ ಕೆಳಗಿನ 16 ಪಿನ್ನಿನ ಕಿಂಡಿಗೆ ಸ್ಕ್ಯಾನರ್ ಚುಚ್ಚಿ ಅವರು ಮೊದಲು ಆ ಲೆಕ್ಕವನ್ನು ಪುಸ್ತಕದಲ್ಲಿ ಬರೆದುಕೊಂಡರು. ಆಮೇಲೆ ಎರಡನೇ ಪ್ರಶ್ನೆ, ‘ಗಾಡಿ ಎಲ್ಲಿ ನಿಲ್ಲಿಸುತ್ತೀರಿ?’ ಕಾಲೇಜಿನ ಹಿಂದೆ, ಜೋಳದ ಕಣಿಕೆಯ ಬಣವೆಯ ಪಕ್ಕದ ನೆರಳಿನಲ್ಲಿ ಎಂದೆ. ಅವರು ತಲೆಯಾಡಿಸಿದರು, ಏನೂ ಹೇಳಲಿಲ್ಲ.

ಮುಂದಿನದನ್ನು ನಾನು ಪಕ್ಕದಲ್ಲೇ ನಿಂತು ನೋಡಿದೆ. ಕಾರಿನಲ್ಲಿ ಇಂತಹ ಸೆನ್ಸರ್ ಎರಡಿವೆ, ಎರಡರ ಹೀಟರಿಗೂ ಒಂದೇ ಫ್ಯೂಸಿನಿಂದ ಕರೆಂಟ್. ಫ್ಯೂಸು ಹೋಗಿದ್ದರೆ ಎರಡಕ್ಕೂ ಕೋಡ್ ಬರಬೇಕಿತ್ತು. ಬಂದಿರುವುದು ಮುಂದಿನದಕ್ಕೆ ಮಾತ್ರ. ಅಂದರೆ ದೋಷ ಇರುವುದು ದಾರಿ ಕವಲೊಡೆದ ಮೇಲೆ. ಇಷ್ಟನ್ನು ಅವರು ಬಾನೆಟ್ ಎತ್ತುವ ಮೊದಲೇ ಹೇಳಿದರು, ಆದರೂ ಫ್ಯೂಸು ತೆಗೆದು ನೋಡುವುದನ್ನು ಬಿಡಲಿಲ್ಲ. ಬಳಿಕ ಸೆನ್ಸರಿನ ಕಪ್ಲರ್ ಬಿಚ್ಚಿ, ಹೀಟರಿನ ಎರಡು ಬಿಳಿ ತಂತಿಗಳ ನಡುವೆ ಮೀಟರ್ ಹಿಡಿದರು. ಸುಮಾರು 7 ಓಮ್. ಹೀಟರ್ ಸುಟ್ಟು ತುಂಡಾಗಿದ್ದರೆ ಮೀಟರ್ ಏನೂ ತೋರಿಸುತ್ತಿರಲಿಲ್ಲ. 4,800 ರೂಪಾಯಿಯ ಸೆನ್ಸರ್ ಆ ಒಂದು ಅಳತೆಯಲ್ಲಿ ನಿರಪರಾಧಿಯಾಯಿತು.

ಇನ್ನು ಕರೆಂಟ್ ಬರುವ ಬದಿ. ಮೀಟರ್ 12.3 ವೋಲ್ಟ್ ತೋರಿಸಿತು. ಹಿಂದಿನ ಗ್ಯಾರೇಜಿನವರು ನಿಂತದ್ದು ಇಲ್ಲಿಯೇ. ಕಾಕಾ ನಿಲ್ಲಲಿಲ್ಲ. ಎರಡು ತಂತಿ ಬೆಸೆದ ಹಳೆಯ ಇಂಡಿಕೇಟರ್ ಬಲ್ಬೊಂದನ್ನು ಜೇಬಿನಿಂದ ತೆಗೆದು, ಒಂದು ತುದಿಯನ್ನು ಕಪ್ಲರಿಗೆ, ಇನ್ನೊಂದನ್ನು ಬ್ಯಾಟರಿಯ ಋಣ ತುದಿಗೆ ಹಿಡಿದರು. ಬಲ್ಬು ಕೆಂಪಗೆ, ಮಂದವಾಗಿ ಉರಿಯಿತು. ಅದು ಉರಿಯುತ್ತಿದ್ದಂತೆಯೇ ಮೀಟರ್ ಹಿಡಿದಾಗ 12.3 ಇದ್ದದ್ದು 7ರ ಹತ್ತಿರಕ್ಕೆ ಕುಸಿದಿತ್ತು.

ಈ ಪರೀಕ್ಷೆಯನ್ನು ನಾನು ತರಗತಿಯಲ್ಲಿ ಹೇಳಿಕೊಡಲು ಶುರು ಮಾಡಿದ್ದೇನೆ. ವೋಲ್ಟ್ ಮೀಟರ್ ಹೆಚ್ಚು ಕಡಿಮೆ ಕರೆಂಟನ್ನೇ ಎಳೆಯುವುದಿಲ್ಲ. ಹಾಗಾಗಿ ತಂತಿಯಲ್ಲಿ ಒಂದೇ ಎಳೆ ತಾಮ್ರ ಉಳಿದಿದ್ದರೂ ಪೂರ್ತಿ ವೋಲ್ಟೇಜ್ ತೋರಿಸುತ್ತದೆ. 21 ವ್ಯಾಟಿನ ಬಲ್ಬು 12 ವೋಲ್ಟಿನಲ್ಲಿ 1.75 ಆಂಪಿಯರ್ ಬೇಡುತ್ತದೆ. 7 ಓಮಿನ ಹೀಟರ್ ತಣ್ಣಗಿದ್ದಾಗ ಬೇಡುವುದೂ 1.7ರಷ್ಟೇ. ಕೈಗೆ ಸಿಕ್ಕ ಬಲ್ಬು ಅಲ್ಲ ಅದು, ಹೀಟರಿನಷ್ಟೇ ಭಾರ ಹೊರಿಸುವ ಬಲ್ಬು. ಭಾರ ಬಿದ್ದಾಗ ದಾರಿಯ ದೌರ್ಬಲ್ಯ ಹೊರಬಿತ್ತು. ಕಾಕಾ ಓಮ್ ನಿಯಮವನ್ನು ಬಾಯಲ್ಲಿ ಹೇಳಲಿಲ್ಲ, ಕೈಯಲ್ಲಿ ತೋರಿಸಿದರು. ನನ್ನ ಪ್ರಯೋಗಾಲಯದಲ್ಲಿ ಮಕ್ಕಳಿಗೆ ಇಷ್ಟು ಸ್ವಚ್ಛವಾಗಿ ತೋರಿಸಲು ನನಗೇ ಸಾಧ್ಯವಾಗಿರಲಿಲ್ಲ.

ಆಮೇಲೆ ಉಳಿದದ್ದು ತಾಳ್ಮೆಯ ಕೆಲಸ. ತಂತಿಗಳ ಮೇಲಿನ ನೆರಿಗೆ ಪ್ಲಾಸ್ಟಿಕ್ ಹೊದಿಕೆಯನ್ನು ಬಿಡಿಸುತ್ತ, ಬೆರಳಿನಿಂದ ತಡವುತ್ತ ಹೋದರು. ಬ್ಯಾಟರಿ ಕೂರುವ ತಟ್ಟೆಯ ಹಿಂದೆ, ಕಣ್ಣಿಗೆ ಬೀಳದ ಜಾಗದಲ್ಲಿ ಇಲಿ ಕಡಿದ ಗುರುತು ಸಿಕ್ಕಿತು. ಮೇಲಿನ ಹೊದಿಕೆ ಹೋಗಿ, ತಾಮ್ರ ಹಸಿರು ಕಿಲುಬು ಹಿಡಿದು, ಕೆಲವೇ ಎಳೆಗಳು ಉಳಿದಿದ್ದವು. ‘ಕಬ್ಬು ಕಡಿದ ಮೇಲೆ ಹೊಲದ ಇಲಿಗಳಿಗೆ ನೆಲೆ ಇರುವುದಿಲ್ಲ ಅಕ್ಕಾವರೇ. ಬಣವೆಗೆ ಬರುತ್ತವೆ, ಬಿಸಿ ಎಂಜಿನ್ ಸಿಕ್ಕರೆ ಅಲ್ಲಿಗೂ ಬರುತ್ತವೆ’ ಎಂದರು. ಎರಡನೇ ಪ್ರಶ್ನೆಯ ಅರ್ಥ ಆಗ ಹೊಳೆಯಿತು.

ರಿಪೇರಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಅಚ್ಚುಕಟ್ಟಾಗಿತ್ತು. ಕಿಲುಬಿನ ಭಾಗವನ್ನು ಪೂರ್ತಿ ಕತ್ತರಿಸಿ, ಅದೇ ದಪ್ಪದ ತಂತಿ ಸೇರಿಸಿ, ಬೆಸುಗೆ ಹಾಕಿ, ಕಾಯಿಸಿದರೆ ಬಿಗಿಯುವ ಸ್ಲೀವ್ ಏರಿಸಿ, ಬಟ್ಟೆಯ ಟೇಪು ಸುತ್ತಿದರು. ತಂತಿ ತಿರುಚಿ ಟೇಪು ಸುತ್ತಿ ಬಿಡುವುದು ಅವರಿಗೆ ಆಗಿಬರುವುದಿಲ್ಲ. ಬಲ್ಬನ್ನು ಮತ್ತೆ ಹಿಡಿದಾಗ ಬೆಳ್ಳಗೆ ಉರಿಯಿತು. ಕೋಡ್ ಅಳಿಸಿದ್ದು ಇದೆಲ್ಲ ಆದ ಮೇಲೆ. ಇಂತಹ ಕೋಡ್ ಸಾಮಾನ್ಯವಾಗಿ ಸತತ ಎರಡು ಓಟಗಳಲ್ಲಿ ದೋಷ ಕಂಡರೆ ಮಾತ್ರ ದೀಪ ಹತ್ತಿಸುತ್ತದೆ. ಹಾಗಾಗಿ ಆ ದಿನ ದೀಪ ಆರಿದ್ದನ್ನು ನಂಬಬೇಡಿ, ಎರಡು ಬೆಳಗು ತಣ್ಣನೆಯ ಎಂಜಿನ್ ಶುರು ಮಾಡಿ ಓಡಿಸಿ ನೋಡಿ ಎಂದರು. ನೋಡಿದೆ. ಆಮೇಲೆ ದೀಪ ಮರಳಿಲ್ಲ. ಈಗ ಕಾರನ್ನು ಬಣವೆಯಿಂದ ದೂರ, ಬಿಸಿಲಿದ್ದರೂ ಸರಿ ಎಂದು ಬಯಲಿನಲ್ಲಿ ನಿಲ್ಲಿಸುತ್ತೇನೆ.

ಮತ್ತೆ ಆ 700 ರೂಪಾಯಿಗೆ ಬರುತ್ತೇನೆ. ಹುಡುಕುವುದಕ್ಕೆ ದುಡ್ಡಿಲ್ಲ ಎನ್ನುವ ಗ್ಯಾರೇಜಿನವರಿಗೂ ಬಾಡಿಗೆ ಇದೆ, ಹುಡುಗರ ಪಗಾರ ಇದೆ. ಅದು ಹುಟ್ಟಬೇಕಾದದ್ದು ಮಾರುವ ಭಾಗಗಳಿಂದ. ಅಂತಹ ಕಡೆ ಕೋಡ್ ಬಂದ ಕೂಡಲೇ ಭಾಗ ಬದಲಿಸುವ ಮಾತು ಬರುವುದು ಅನಿವಾರ್ಯ. ಅವರನ್ನು ಕೆಟ್ಟವರೆನ್ನಲು ನನಗೆ ಮನಸ್ಸಿಲ್ಲ. ಹುಡುಕಾಟಕ್ಕೆ ಕೂಲಿ ಕೊಡಲೊಪ್ಪದ ನಾವೇ ಅವರನ್ನು ಆ ದಾರಿಗೆ ತಳ್ಳಿದ್ದೇವೆ. ಕಾಕಾ ಅವರ ಲೆಕ್ಕ ಮೊದಲೇ ಸ್ಪಷ್ಟ: ದೋಷ ಸಿಕ್ಕರೆ 700, ಸಿಗದಿದ್ದರೆ ಅರ್ಧ, ರಿಪೇರಿಯನ್ನು ಬೇರೆ ಕಡೆ ಮಾಡಿಸಿದರೂ ಬೇಸರವಿಲ್ಲ. 2013ರಿಂದ ನಮ್ಮಲ್ಲಿ ಕಾರುಗಳಿಗೆ, ದೋಷವನ್ನು ತಾವೇ ಗುರುತಿಸಿ ಕೋಡ್ ಬರೆದಿಡುವ ಈ ಸ್ವಯಂ ತಪಾಸಣೆಯ (ಒಬಿಡಿ) ಎರಡನೇ ಹಂತ ಕಡ್ಡಾಯವಾಗಿದೆ, 2020ರ ಬಿಎಸ್ 6 ಹೊಗೆ ನಿಯಮದ ಕಾರುಗಳಲ್ಲಿ ಸೆನ್ಸರುಗಳು ಇನ್ನೂ ಹೆಚ್ಚಿವೆ. ಸ್ಪ್ಯಾನರ್ ತಿರುಗಿಸುವುದಕ್ಕಿಂತ ಯೋಚಿಸುವುದೇ ದೊಡ್ಡ ಕೆಲಸವಾಗಿರುವಾಗ, ಆ ಯೋಚನೆಗೆ ಬೆಲೆ ಕಟ್ಟುವವರು ನಮ್ಮೂರಿನಲ್ಲಿ ಉಳಿಯಬೇಕು.

ಷೆಡ್ಡಿನ ಕಂಬಕ್ಕೆ ರಟ್ಟೊಂದನ್ನು ಕಟ್ಟಿದ್ದಾರೆ. ಶಿಷ್ಯ ಹುಡುಗ ಕನ್ನಡದಲ್ಲಿ ದೀಪಗಳ ಚಿತ್ರ ಬರೆದು ವಿವರಿಸಿದ್ದಾನೆ. ಕೆಂಪು ಎಣ್ಣೆಗಿಂಡಿ ಹತ್ತಿದರೆ ಅಲ್ಲಿಯೇ ಎಂಜಿನ್ ನಿಲ್ಲಿಸಿ. ಶಾಖದ ಕೆಂಪು ದೀಪ ಹತ್ತಿದರೂ ನಿಲ್ಲಿಸಿ, ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ಮುಟ್ಟಬೇಡಿ. ಹಳದಿ ಎಂಜಿನ್ ದೀಪ ಸ್ಥಿರವಾಗಿದ್ದರೆ ಮೆಲ್ಲಗೆ ಬನ್ನಿ; ಮಿಟುಕುತ್ತಿದ್ದರೆ ಓಡಿಸಬೇಡಿ. ಮಿಟುಕುವುದು ಸಿಲಿಂಡರ್ ಸರಿಯಾಗಿ ಉರಿಯದಿರುವುದರ ಗುರುತು; ಉರಿಯದ ಪೆಟ್ರೋಲ್ ಹೊಗೆ ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿದರೆ ಅದೇ ಹಾಳಾಗುತ್ತದೆ. ಇಂತಹ ರಟ್ಟು ಪ್ರತಿ ಪೆಟ್ರೋಲ್ ಬಂಕಿನಲ್ಲಿ ಇರಬೇಕು.

ಕೊರತೆಗಳೂ ಇವೆ. ಹೆಂಗಸರು ಬಂದು ಗಂಟೆಗಟ್ಟಲೆ ಕಾಯಬೇಕಾದ ಜಾಗದಲ್ಲಿ ಶೌಚಾಲಯವಿಲ್ಲ. ಇದನ್ನು ಕಾಕಾ ಅವರಿಗೇ ಹೇಳಿದ್ದೇನೆ. ಕೂರಲು ಒಂದು ಬೆಂಚು, ಮಧ್ಯಾಹ್ನದ ಮೇಲೆ ಅದೂ ಬಿಸಿಲಿಗೆ ಬೀಳುತ್ತದೆ. ಏರ್‌ಬ್ಯಾಗ್ ಮತ್ತು ಆಟೋಮ್ಯಾಟಿಕ್ ಗೇರಿನ ಕೆಲಸ ಮುಟ್ಟುವುದಿಲ್ಲ, ತಮ್ಮ ಸ್ಕ್ಯಾನರಿಗೆ ಅದು ಸಾಲದು ಎಂದು ನೇರವಾಗಿ ಹೇಳಿ ಕಳಿಸುತ್ತಾರೆ. ಫೋನಿನಲ್ಲಿ ರೇಟು ಕೇಳಿದರೆ ಹೇಳುವುದಿಲ್ಲ. ರಸೀದಿ ಕೈಬರಹದ್ದು, ಕಚೇರಿಗೆ ಬಿಲ್ಲು ತೋರಿಸಬೇಕಾದವರಿಗೆ ಅದು ನಡೆಯಲಿಕ್ಕಿಲ್ಲ.

ಹೋಗುವವರು ಬೆಳಗ್ಗೆ 9ರೊಳಗೆ ಹೋಗಿ ಗಾಡಿ ಬಿಡುವುದು ಒಳ್ಳೆಯದು. ತಣ್ಣನೆಯ ಎಂಜಿನ್ ಬೇಕಾಗುವ ಪರೀಕ್ಷೆಗಳನ್ನು ಅವರು ಮೊದಲು ಮುಗಿಸುತ್ತಾರೆ. ಅಮಾವಾಸ್ಯೆಯ ದಿನ ಬಾಗಿಲು ಹಾಕಿರುತ್ತದೆ. ಮತ್ತು ದಾರಿಯಲ್ಲಿ ಯಾರಾದರೂ ಕೋಡ್ ಅಳಿಸಿ ಕೊಡುತ್ತೇನೆ ಎಂದರೆ, ದಯವಿಟ್ಟು ಅಳಿಸಗೊಡಬೇಡಿ.